ಮನೆಯ ಹೊರಗೊಂದು ಒಲೆ, ಅದಕ್ಕೆ ಎರಡು ವರ್ಷ ಮುಂಚಿನ ಸೌದೆ

ನಮ್ಮ ಮನೆಯನ್ನು ಬೆಚ್ಚಗಿಡುವ ಒಲೆ ಮನೆಯ ಒಳಗಿಲ್ಲ. ಹಿಂಬಾಗಿಲಿನಿಂದ 80 ಅಡಿ ಆಚೆ, ಪುಟ್ಟ ತಗಡಿನ ಕೋಣೆಯಂತೆ ಕಾಣುವ ಒಂದು ದೊಡ್ಡ ಪೆಟ್ಟಿಗೆ ನಿಂತಿದೆ. ನೆತ್ತಿಯ ಮೇಲೆ ಉದ್ದನೆಯ ಹೊಗೆಗೊಳವೆ. ಇಲ್ಲಿಯವರು ಇದನ್ನು ಔಟ್‌ಡೋರ್ ವುಡ್ ಬಾಯ್ಲರ್ ಅಂತಾರೆ, ಕೆಲವರು ಫರ್ನೇಸ್ ಅಂತಲೂ ಕರೆಯುತ್ತಾರೆ. ಮನೆಯಲ್ಲಿ ನಮಗೆ ಅದು ಬರೀ ಒಲೆ.

ನ್ಯೂಯಾರ್ಕ್ ಅಂದರೆ ಎಲ್ಲರ ಕಣ್ಣ ಮುಂದೆ ಮ್ಯಾನ್‌ಹಟನ್ ಬರುತ್ತದೆ. ನಾವಿರುವುದು ಅದೇ ರಾಜ್ಯದ ಒಳನಾಡಿನಲ್ಲಿ, ಇಥಾಕಾ ಊರಿನ ಆಚೆಯ ಗುಡ್ಡಗಳ ನಡುವೆ. ನನ್ನ ಗಂಡನಿಗೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸ, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಜನವರಿಯಲ್ಲಿ ಮೈನಸ್ 20 ಸೆಲ್ಸಿಯಸ್ ತಲುಪುವ ರಾತ್ರಿಗಳಿವೆ. ಪೈಪಿನಲ್ಲಿ ಗ್ಯಾಸ್ ಬರುವುದಿಲ್ಲ. ಪ್ರೋಪೇನ್ ಎಂಬ ಗ್ಯಾಸ್ ಲಾರಿಯಲ್ಲಿ ಬರುತ್ತದೆ, ಚಳಿ ಜಾಸ್ತಿಯಾದ ಹಾಗೆ ಬಿಲ್ಲೂ ಜಾಸ್ತಿ. ಆದರೆ ಸುತ್ತಮುತ್ತ ಎಲ್ಲಿ ನೋಡಿದರೂ ಕಾಡು. ಹಾಗಾಗಿ ಈ ಕಡೆಯ ಹಳ್ಳಿಗಳಲ್ಲಿ ಸೌದೆ ಒಲೆ ಇನ್ನೂ ದಿನದ ಬದುಕಿನ ಭಾಗ.

ಸಿರಾಕ್ಯೂಸ್, ಬಿಂಗ್‌ಹ್ಯಾಂಟನ್ ಕಡೆಯ ಕನ್ನಡದ ಗೆಳೆಯರಲ್ಲಿ ಕೆಲವರು ಈಗ ಹಳ್ಳಿಯಲ್ಲಿ ಮನೆ ನೋಡುತ್ತಿದ್ದಾರೆ. ಹಿತ್ತಲಲ್ಲಿ ಇಂಥ ಒಲೆ ಕಂಡ ತಕ್ಷಣ ನನಗೆ ಫೋನ್ ಮಾಡುತ್ತಾರೆ. ದಿನಕ್ಕೆ ಎಷ್ಟು ಸಲ ಸೌದೆ ಹಾಕಬೇಕು, ಹಣ ಉಳಿಯುತ್ತದಾ, ಕಷ್ಟ ಅಲ್ವಾ ಅಂತ ಕೇಳುತ್ತಾರೆ. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಬೆಂಕಿ ಹಾಕುವುದು ಸುಲಭ, ನಿಜವಾದ ಕೆಲಸ ಇರುವುದು ಅದಕ್ಕೆ ಎರಡು ವರ್ಷ ಮುಂಚೆ.

ಮೊದಲು ಒಲೆಯ ಒಳಗೇನಿದೆ ಹೇಳುತ್ತೇನೆ. ನಡುವೆ ಸೌದೆ ಉರಿಯುವ ಉಕ್ಕಿನ ಗೂಡು. ಅದರ ಸುತ್ತ ನೀರು. ನಮ್ಮದರಲ್ಲಿ ಸುಮಾರು 200 ಗ್ಯಾಲನ್, ಅಂದರೆ 750 ಲೀಟರಿನಷ್ಟು ಹಿಡಿಯುತ್ತದೆ. ಅದು 185 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ನಮ್ಮ ಲೆಕ್ಕದಲ್ಲಿ 85 ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸಣ್ಣ ಪಂಪು ಆ ನೀರನ್ನು ನೆಲದಡಿಯ ಪೈಪಿನಲ್ಲಿ ಮನೆಯ ಬೇಸ್‌ಮೆಂಟಿಗೆ ಕಳಿಸುತ್ತದೆ. ಅಲ್ಲಿ ಒಂದು ರೇಡಿಯೇಟರ್ ಇದೆ. ಫ್ಯಾನು ಅದರ ಮೂಲಕ ಗಾಳಿ ಊದಿ ಕೋಣೆಗಳಿಗೆ ಬಿಸಿಗಾಳಿ ಕಳಿಸುತ್ತದೆ. ಸ್ನಾನದ ನೀರಿಗೆ ಬೇರೆ ಏರ್ಪಾಡು. ತೆಳು ಉಕ್ಕಿನ ಹಾಳೆಗಳ ಒಂದು ಬದಿಯಲ್ಲಿ ಒಲೆಯ ನೀರು, ಇನ್ನೊಂದು ಬದಿಯಲ್ಲಿ ನಮ್ಮ ಬಾವಿಯ ನೀರು ಹರಿಯುತ್ತದೆ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ತಣಿದ ನೀರು ಮತ್ತೆ ಒಲೆಗೆ ವಾಪಸ್ ಹೋಗುತ್ತದೆ. ನೀರಿನ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿಲ್ಲ, ಮೇಲೆ ಗಾಳಿಕಿಂಡಿ ಇದೆ. ಹಾಗಾಗಿ ಒಳಗೆ ಒತ್ತಡ ಕಟ್ಟಿಕೊಳ್ಳುವುದಿಲ್ಲ.

ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಾಗ ಇದನ್ನೆಲ್ಲ ಕೇಳಿಸಿಕೊಂಡು, ಬೇಸ್‌ಮೆಂಟಿನ ಪೈಪು ಮುಟ್ಟಿ ನೋಡಿ, "ಅಷ್ಟೇನಾ? ಇದು ನಮ್ಮ ಬಚ್ಚಲು ಹಂಡೆನೇ ಕಣೇ, ಕೊಟ್ಟಿಗೆ ಆಚೆ ಕಟ್ಟಿದಾರೆ ಅಷ್ಟೆ" ಅಂದರು. ಅಮ್ಮ ಹೇಳಿದ್ದು ಸರಿ. ಹಂಡೆ ಒಲೆ ನೋಡಿಕೊಂಡವರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ಮನೆಯೊಳಗೆ ಬೆಂಕಿ ಇಲ್ಲದಿರುವುದು ನನಗೆ ತುಂಬಾ ಇಷ್ಟ. ತೊಗಟೆಯ ಪುಡಿ, ಬೂದಿ, ಸೌದೆಯ ಜೊತೆ ಬರುವ ಹುಳ ಎಲ್ಲವೂ ಹೊರಗೇ ಉಳಿಯುತ್ತವೆ. ಬಟ್ಟೆಗೆ ಹೊಗೆ ವಾಸನೆ ಹಿಡಿಯುವುದಿಲ್ಲ. ಆದರೂ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಟ್ಟಿದ್ದೇವೆ. ಪ್ರೋಪೇನ್ ಹೀಟರನ್ನೂ ತೆಗೆಸಿಲ್ಲ. ಊರಿಗೆ ಹೋದಾಗ, ಇಬ್ಬರಿಗೂ ಜ್ವರ ಬಂದಾಗ ಅದು ಬೇಕು.

ಈಗ ಸೌದೆಯ ವಿಷಯ. ಹಸಿ ಓಕ್ ಮರದ ತೂಕದಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಒಂದು ಲೀಟರ್ ನೀರನ್ನು ಕುದಿಸುವುದಕ್ಕೆ ಬೇಕಾಗುವುದರ ಆರು ಪಟ್ಟಿಗಿಂತ ಹೆಚ್ಚು ಶಾಖ ಅದನ್ನು ಪೂರ್ತಿ ಆವಿ ಮಾಡುವುದಕ್ಕೆ ಬೇಕು. ಅಂದರೆ ಹಸಿ ಸೌದೆ ಹಾಕಿದರೆ ಒಲೆ ಮೊದಲು ಸೌದೆಯೊಳಗಿನ ನೀರು ಕಾಯಿಸುತ್ತಾ ಕೂರುತ್ತದೆ. ಮನೆಗೆ ಬರಬೇಕಾದ ಶಾಖ ಆವಿಯಾಗಿ ಆಕಾಶಕ್ಕೆ ಹೋಗುತ್ತದೆ. ಬೆಂಕಿ ತಣ್ಣಗಾಗುತ್ತದೆ, ಅರ್ಧ ಬೆಂದ ಹೊಗೆ ಏಳುತ್ತದೆ. ಆ ಹೊಗೆ ಗೂಡಿನ ಗೋಡೆಗೆ, ಕೊಳವೆಗೆ ತಾಗಿ ಡಾಂಬರಿನಂಥ ಮಸಿಯಾಗಿ ಅಂಟುತ್ತದೆ. ಇಲ್ಲಿ ಅದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಒಲೆ ಚೆನ್ನಾಗಿಲ್ಲ ಅಂತ ದೂರುವವರ ಹಿತ್ತಲಿಗೆ ಹೋಗಿ ನೋಡಿದರೆ ಹೆಚ್ಚಿನ ಸಲ ಹಸಿ ಸೌದೆಯೇ ಕಾರಣ.

ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಅಳೆಯಲು ಎರಡು ಮುಳ್ಳಿನ ಸಣ್ಣ ಮೀಟರ್ ಸಿಗುತ್ತದೆ, ಬೆಲೆ ಏನೂ ಜಾಸ್ತಿಯಿಲ್ಲ. ಆದರೆ ಅದನ್ನು ಒಟ್ಟಿಟ್ಟ ಸೌದೆಯ ಹೊರಮೈಗೆ ಚುಚ್ಚಿದರೆ ಪ್ರಯೋಜನವಿಲ್ಲ. ಹೊರಗೆ ಯಾವಾಗಲೂ ಒಣಗಿಯೇ ಇರುತ್ತದೆ. ಒಂದು ತುಂಡನ್ನು ಆಗಲೇ ಸೀಳಿ, ಹೊಸ ಸೀಳಿನ ನಡುವೆ ಚುಚ್ಚಬೇಕು.

ಓಕ್ ಒಣಗಲು ಎರಡು ಬೇಸಿಗೆ ಬೇಕು, ದಪ್ಪ ತುಂಡಾದರೆ ಮೂರೂ ಬೇಕಾಗಬಹುದು. ಮೇಪಲ್, ಬೀಚ್ ಮರಗಳಿಗೆ ಅಷ್ಟು ಹೊತ್ತು ಬೇಡ. ಎಲ್ಲಕ್ಕಿಂತ ಬೇಗ ಒಣಗುವುದು ಆಶ್. ಹಸಿ ಇರುವಾಗಲೇ ಅದರ ತೂಕದಲ್ಲಿ ನೀರು ಮೂರನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ನೇರವಾಗಿ ಸೀಳುತ್ತದೆ, ಚೆನ್ನಾಗಿ ಉರಿಯುತ್ತದೆ.

ಆ ಆಶ್ ಮರದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಏಷ್ಯಾದಿಂದ ಬಂದ, ಹೊಳೆಯುವ ಹಸಿರು ಬಣ್ಣದ ಎಮರಾಲ್ಡ್ ಆಶ್ ಬೋರರ್ ಎಂಬ ಜೀರುಂಡೆ 2002ರಲ್ಲಿ ಮಿಶಿಗನ್‌ನ ಡೆಟ್ರಾಯಿಟ್ ಹತ್ತಿರ ಕಂಡಿತು. 2009ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲೂ ಸಿಕ್ಕಿತು. ಅದರ ಮರಿಹುಳಗಳು ತೊಗಟೆಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ತಿಂದು ಮರಕ್ಕೆ ನೀರು, ಆಹಾರ ಹೋಗುವ ದಾರಿಯನ್ನೇ ಕತ್ತರಿಸುತ್ತವೆ. ನಮ್ಮ ಜಾಗದ ಅಂಚಿನ ಆಶ್ ಮರಗಳೆಲ್ಲ ಒಂದೊಂದಾಗಿ ಬೋಳಾದವು. ನಾವೀಗ ಉರಿಸುವ ಸೌದೆಯಲ್ಲಿ ದೊಡ್ಡ ಪಾಲು ಅವೇ. ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದ ಮರ ಇದು ಅಂತ ಓದಿದ ದಿನದಿಂದ ಅವನ್ನು ಕಡಿಯುವಾಗ ನನಗೆ ಇನ್ನಷ್ಟು ಸಂಕಟ.

ನಿಂತಲ್ಲೇ ಸತ್ತ ಆಶ್ ಬಲು ಅಪಾಯದ ಮರ. ಕೊಂಬೆಗಳು ಪೆಡಸಾಗಿ ತಲೆಯ ಮೇಲೆ ಮುರಿದು ಬೀಳುತ್ತವೆ. ಅಂಥ ಮರಗಳನ್ನು ನಾವು ಕೆಡವುವುದಿಲ್ಲ, ಕೆಲಸ ಬಲ್ಲವರನ್ನು ಕರೆಸುತ್ತೇವೆ. ಸತ್ತ ಮರ ಅಲ್ವಾ, ಒಣಗಿಯೇ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಮೇಲಿನ ಕೊಂಬೆ ಒಣಗಿದ್ದರೂ ಬುಡದ ಕಾಂಡದಲ್ಲಿ ತೇವ ಉಳಿದಿರುತ್ತದೆ.

ಇಂಥ ಹುಳಗಳ ಕಾರಣದಿಂದಲೇ ಸೌದೆ ಸಾಗಿಸಲು ಕಾನೂನಿದೆ. ಬಿಸಿಮಾಡಿ ಸಂಸ್ಕರಿಸದ ಸೌದೆಯನ್ನು ಈ ರಾಜ್ಯದಲ್ಲಿ 50 ಮೈಲಿಗಿಂತ ದೂರ ಒಯ್ಯುವ ಹಾಗಿಲ್ಲ. ದೂರದ ಗೆಳೆಯರು "ನಮ್ಮ ಹಿತ್ತಲಲ್ಲಿ ಬಿದ್ದ ಮರ ಇದೆ, ತಗೊಂಡು ಹೋಗಿ" ಅಂದರೆ ದಯವಿಟ್ಟು ಬೇಡ ಅನ್ನಿ. ಜೀರುಂಡೆ ತಾನಾಗಿ ಅಷ್ಟು ದೂರ ಹಾರುವುದಿಲ್ಲ, ನಮ್ಮ ಗಾಡಿಗಳೇ ಅದನ್ನು ಹೊತ್ತು ತಿರುಗುತ್ತವೆ.

ಸೌದೆ ಕೊಳ್ಳುವವರು ಅಳತೆ ತಿಳಿದಿರಬೇಕು. ಒಂದು ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ, ಒಟ್ಟು 128 ಘನ ಅಡಿ. ಆದರೆ ಇಲ್ಲಿ ಸುಮಾರು ಜನ ಮಾರುವುದು ಫೇಸ್ ಕಾರ್ಡ್. ಎತ್ತರ, ಉದ್ದ ಅಷ್ಟೇ. ಅಗಲ ಮಾತ್ರ ಒಂದು ತುಂಡಿನಷ್ಟು, ಸಾಮಾನ್ಯವಾಗಿ 16 ಅಂಗುಲ. ಅಂದರೆ ಪೂರ್ತಿ ಕಾರ್ಡಿನ ಮೂರನೇ ಒಂದು ಭಾಗ. ಬೆಲೆ ಕೇಳುವ ಮೊದಲು ಯಾವ ಕಾರ್ಡ್ ಅಂತ ಕೇಳಿ. "ಒಣಗಿದೆ" ಅಂತ ಹೇಳಿದರೂ ಒಂದು ತುಂಡು ಸೀಳಿ ಮೀಟರ್ ಹಾಕಿಯೇ ಹಣ ಕೊಡಿ.

ನಾವು ಚಳಿಗಾಲ ಮುಗಿಯುವ ಹೊತ್ತಿಗೆ ಉದ್ದ ದಿಮ್ಮಿಗಳನ್ನು ತರಿಸುತ್ತೇವೆ. ಗಂಡ ಚೈನ್ ಗರಗಸದಲ್ಲಿ ತುಂಡು ಮಾಡುತ್ತಾನೆ, ನಾನು ಹೈಡ್ರಾಲಿಕ್ ಯಂತ್ರದಲ್ಲಿ ಸೀಳುತ್ತೇನೆ. ನೆಲ ತಾಗದ ಹಾಗೆ ಹಳೆಯ ಪ್ಯಾಲೆಟ್‌ಗಳ ಮೇಲೆ ಒಟ್ಟುತ್ತೇವೆ. ಸಾಲು ಗಾಳಿಗೆ ಅಡ್ಡ ಇರಬೇಕು, ಸಾಲಿನಿಂದ ಸಾಲಿಗೆ ಜಾಗ ಬಿಡಬೇಕು. ಮೇಲೆ ಮಾತ್ರ ತಗಡು ಮುಚ್ಚಬೇಕು, ಪಕ್ಕಗಳನ್ನು ಮುಚ್ಚಬಾರದು. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿಟ್ಟ ಸೌದೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಸಾಲಿನ ತುದಿಯ ತುಂಡಿನ ಮೇಲೆ ಮರದ ಹೆಸರು, ಸೀಳಿದ ತಿಂಗಳು, ವರ್ಷ ಬರೆಯುತ್ತೇನೆ. ಯಾವ ಸಾಲು ಈ ವರ್ಷಕ್ಕೆ, ಯಾವುದು ಮುಂದಿನದಕ್ಕೆ ಅಂತ ಯಾರನ್ನೂ ಕೇಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆ ತುಂಬಿದೆಯಾ ಅಂತ ಮಲೆನಾಡಿನಲ್ಲಿ ಮನೆಮಂದಿಯೆಲ್ಲ ಯೋಚಿಸುತ್ತಿದ್ದರಲ್ಲ, ಆ ಯೋಚನೆ ಇಲ್ಲಿ ಒಂದು ವರ್ಷದ ಬದಲು ಎರಡು ವರ್ಷಕ್ಕೆ ಚಾಚಿಕೊಂಡಿದೆ.

ಹೊಗೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಹಳೆಯ ಒಲೆಗಳ ಹೆಸರು ಕೆಟ್ಟಿದ್ದು ಸುಮ್ನೆ ಅಲ್ಲ. ಅವುಗಳಲ್ಲಿ ನೀರು ಸಾಕಷ್ಟು ಕಾದ ಕೂಡಲೇ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಬೆಂಕಿ ಆರುತ್ತಿರಲಿಲ್ಲ, ಗಂಟೆಗಟ್ಟಲೆ ಉಸಿರುಕಟ್ಟಿ ಹೊಗೆಯಾಡುತ್ತಿತ್ತು. ಮತ್ತೆ ಗಾಳಿ ಸಿಕ್ಕಾಗ ದಟ್ಟ ಹೊಗೆ ಒಂದೇ ಸಲ ಹೊರಗೆ ಬಂದು, ಗಿಡ್ಡ ಕೊಳವೆಯಿಂದ ನೆಲದ ಮಟ್ಟದಲ್ಲೇ ಹರಡುತ್ತಿತ್ತು. ಚಳಿಗಾಲದ ಬೆಳಿಗ್ಗೆ ಕಣಿವೆಯಲ್ಲಿ ತಣ್ಣನೆ ಗಾಳಿ ಕೆಳಗೆ ಸಿಕ್ಕಿಕೊಂಡಿರುವಾಗ ಆ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಮನೆಯಲ್ಲಿ ಉಬ್ಬಸದ ಮಗು ಇದ್ದರೆ ಏನು ಗತಿ?

ಪಕ್ಕದ ವರ್ಮಾಂಟ್ ರಾಜ್ಯ 1997ರಲ್ಲೇ ನೆರೆಮನೆಯಿಂದ 200 ಅಡಿ ದೂರ ಇರಬೇಕು ಅಂತ ನಿಯಮ ಮಾಡಿತು. ನ್ಯೂಯಾರ್ಕ್‌ನಲ್ಲಿ 2011ರಿಂದ ಹೊಸ ಒಲೆ ಜಾಗದ ಗಡಿಯಿಂದ ಕನಿಷ್ಠ 100 ಅಡಿ ದೂರ ಇರಬೇಕು, ಹೊಗೆಗೊಳವೆ ನೆಲದಿಂದ ಕನಿಷ್ಠ 18 ಅಡಿ ಎತ್ತರ ಇರಬೇಕು. ದೇಶದ ಪರಿಸರ ಇಲಾಖೆ ಇಪಿಎ 2015ರಲ್ಲಿ, ಮನೆಗೆ ಕೊಡುವ ಪ್ರತಿ ಹತ್ತು ಲಕ್ಷ ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖಕ್ಕೆ 0.32 ಪೌಂಡಿಗಿಂತ ಹೆಚ್ಚು ಹೊಗೆಯ ಕಣ ಬರಬಾರದು ಅಂತ ಮಿತಿ ಹಾಕಿತು. 2020ರ ಮೇ ತಿಂಗಳಿಂದ ಅದು 0.10 ಪೌಂಡಿಗೆ ಇಳಿಯಿತು. ಮನೆಗಳಲ್ಲಿ ಉರಿಸುವಂಥ ಸೀಳು ಸೌದೆ ಹಾಕಿ ಪರೀಕ್ಷಿಸಿದರೆ 0.15. ಇದಕ್ಕೆ ಸರಿಯಾಗಿ ಹೊಸ ಒಲೆಗಳು ಎರಡು ಹಂತದಲ್ಲಿ ಉರಿಯುತ್ತವೆ. ಮೇಲಿನ ಗೂಡಿನಲ್ಲಿ ಸೌದೆ ಕೆಂಡವಾಗುತ್ತದೆ. ಅದರ ಹೊಗೆಯನ್ನು ಫ್ಯಾನು ಕೆಳಗಿನ ಗೂಡಿಗೆ ತಳ್ಳುತ್ತದೆ. ಅಲ್ಲಿ ಬೇರೆ ಗಾಳಿ ಬೆರೆತು ಹೊಗೆಯೇ ಹೊತ್ತಿ ಉರಿಯುತ್ತದೆ. ಚೆನ್ನಾಗಿ ಉರಿಯುವಾಗ ಕೊಳವೆಯ ಬಾಯಲ್ಲಿ ಬಿಸಿಗಾಳಿಯ ನಡುಕ ಬಿಟ್ಟರೆ ಏನೂ ಕಾಣುವುದಿಲ್ಲ. ಇದಕ್ಕೂ ಒಣ ಸೌದೆಯೇ ಬೇಕು. ಹಸಿ ಹಾಕಿದರೆ ಕೆಳಗಿನ ಬೆಂಕಿ ಹೊತ್ತುವುದೇ ಇಲ್ಲ.

ಕಾನೂನಿನ 100 ಅಡಿ ನನಗೆ ಸಾಕು ಅನಿಸುವುದಿಲ್ಲ. ನೆರೆಮನೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ, ಅದೂ ಗಾಳಿ ಬೀಸುವ ದಿಕ್ಕಿನಲ್ಲಿದ್ದರೆ, ಈ ಒಲೆ ಬೇಡ. ಪೇಟೆಯೊಳಗಂತೂ ಬೇಡವೇ ಬೇಡ. ಒಲೆಯಲ್ಲಿ ಕಸ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಸುಡಬಾರದು. ಹಳೆಯ ಬೇಲಿ ಕಂಬ, ಹಳೆಯ ಜಗಲಿಯ ಹಲಗೆಗಳಿಗೆ ಗೆದ್ದಲು ತಾಗದಿರಲಿ ಅಂತ ಆರ್ಸೆನಿಕ್ ಹಾಕಿರುತ್ತಾರೆ. ಅದು ಹೊಗೆಯಲ್ಲೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಬೇಸಿಗೆಯಲ್ಲಿ ಬರೀ ಸ್ನಾನದ ನೀರಿಗಾಗಿ ಒಲೆ ಉರಿಸುವವರೂ ಇದ್ದಾರೆ. ಅಷ್ಟು ಕಡಿಮೆ ಶಾಖಕ್ಕೆ ಒಲೆ ದಿನವಿಡೀ ಹೊಗೆಯಾಡುತ್ತಲೇ ಇರುತ್ತದೆ. ನಾವು ಏಪ್ರಿಲ್ ಕೊನೆಗೆ ನಿಲ್ಲಿಸಿ ಅಕ್ಟೋಬರಿನಲ್ಲೇ ಮತ್ತೆ ಹೊತ್ತಿಸುವುದು. ಅಗತ್ಯಕ್ಕಿಂತ ದೊಡ್ಡ ಒಲೆ ತಂದರೂ ಇದೇ ತೊಂದರೆ. ಮಾರುವವರು ದೊಡ್ಡದನ್ನೇ ತೋರಿಸುತ್ತಾರೆ. ನಮ್ಮ ಮನೆಗೆ ಚಿಕ್ಕದೇ ಸಾಕಾಯಿತು.

ನಾವು ಮನೆ ಕೊಂಡಾಗ ಹಳೆಯ ಒಲೆಯೊಂದು ಇತ್ತು. ಮೊದಲ ಚಳಿಗಾಲದಲ್ಲೇ ವಿಚಿತ್ರವೊಂದು ಕಂಡಿತು. ಎಲ್ಲೆಲ್ಲೂ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಒಲೆಯಿಂದ ಮನೆಯವರೆಗೆ ನೆಲದ ಮೇಲೆ ಒಂದು ಹಸಿರು ಗೆರೆ. ಅಲ್ಲಿ ಹುಲ್ಲು ಕಾಣುತ್ತಿತ್ತು! ಪಕ್ಕದ ಹಾಲಿನ ಫಾರ್ಮಿನ ಹಿರಿಯರು ಬಂದು ನೋಡಿ, ನೀವು ಅಂಗಳವನ್ನು ಬೆಚ್ಚಗಿಡುತ್ತಿದ್ದೀರಿ ಅಂದರು. ಬೇಸಿಗೆಯಲ್ಲಿ ಅಗೆಸಿದೆವು. ಹಿಂದೆ ಯಾರೋ ಅಗ್ಗದ ಪೈಪು ಹೂತಿದ್ದರು. ಸುತ್ತಿದ ಹೊದಿಕೆಯೊಳಗೆ ಮಣ್ಣಿನ ನೀರು ತುಂಬಿ, ಶಾಖವನ್ನೆಲ್ಲ ಅದೇ ಹೀರುತ್ತಿತ್ತು. ಫೋಮ್ ಗಟ್ಟಿಯಾಗಿ ತುಂಬಿ ನೀರು ನುಗ್ಗದಂತೆ ಮಾಡಿದ ಪೈಪಿಗೆ ದುಡ್ಡು ಜಾಸ್ತಿ. ಅದನ್ನೇ ಹಾಕಿಸಿದೆವು. ಮುಂದಿನ ವರ್ಷ ಹಿಮ ಎಲ್ಲ ಕಡೆ ಒಂದೇ ಸಮ ಕೂತಿತು. ಆಮೇಲೆ ಒಲೆಯನ್ನೂ ಬದಲಾಯಿಸಿದೆವು.

ದಿನದ ಕೆಲಸ ಹೇಳುವುದಾದರೆ, ಕಡು ಚಳಿಯಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೌದೆ. ಬಾಗಿಲನ್ನು ಒಮ್ಮೆಲೇ ತೆಗೆಯಬಾರದು. ಒಳಗೆ ಗಾಳಿಗೆ ಕಾದು ಕುಳಿತ ಹೊಗೆ ಇರುತ್ತದೆ, ಗಾಳಿ ಸಿಕ್ಕರೆ ಭಗ್ ಅಂತ ಮುಖಕ್ಕೆ ಹಾರುತ್ತದೆ. ಮೊದಲು ಬೈಪಾಸ್ ಎಂಬ ಕಿಂಡಿ ತೆರೆದು ಹೊಗೆ ನೇರ ಕೊಳವೆಗೆ ಹೋಗಲು ಬಿಡಬೇಕು. ಆಮೇಲೆ ಬಾಗಿಲನ್ನು ಒಂದಂಗುಲ ಸರಿಸಿ ಸ್ವಲ್ಪ ಕಾಯಬೇಕು. ಪಕ್ಕಕ್ಕೆ ನಿಂತೇ ತೆರೆಯಬೇಕು. ಚರ್ಮದ ಕೈಗವಸು, ಹತ್ತಿಯ ಬಟ್ಟೆ ಕಡ್ಡಾಯ. ಪಾಲಿಯೆಸ್ಟರ್ ಜಾಕೆಟಿಗೆ ಒಂದು ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಕರೆಂಟ್ ಹೋದರೆ ಫ್ಯಾನು, ಪಂಪು ಎರಡೂ ನಿಲ್ಲುತ್ತವೆ. ಇಲ್ಲಿಯವರು ಜನರೇಟರ್ ಇಡುತ್ತಾರೆ. ನಾವು ಊರಿನ ಮನೆಗಳಲ್ಲಿರುವ ಹಾಗೆ ಇನ್ವರ್ಟರ್, ಬ್ಯಾಟರಿ ಇಟ್ಟೆವು. ಪಂಪಿಗೆ ಬೇಕಾಗುವುದು ನೂರು ವಾಟಿನ ಆಸುಪಾಸು, ಇನ್ವರ್ಟರ್ ಧಾರಾಳ ಸಾಕು. ನೆರೆಯವರು ಬಂದು ಇದನ್ನು ನೋಡಿ ಹೋಗಿದ್ದಾರೆ, ಅದು ನನಗೆ ಖುಷಿ.

ಜನ ಮರೆಯುವುದು ನೀರನ್ನು. ಇಂಥ ಒಲೆಗಳನ್ನು ಒಳಗಿನಿಂದ ತಿನ್ನುವುದು ತುಕ್ಕು. ಗಾಳಿಕಿಂಡಿಯಿಂದ ನೀರು ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಹೊಸ ನೀರು ಹಾಕಿದಾಗಲೆಲ್ಲ ಅದರೊಡನೆ ಆಮ್ಲಜನಕವೂ ಒಳಗೆ ಹೋಗುತ್ತದೆ. ನಮ್ಮ ಬಾವಿ ನೀರಿನಲ್ಲಿ ಸುಣ್ಣ ಜಾಸ್ತಿ, ಹಾಗಾಗಿ ಅದನ್ನು ನೇರವಾಗಿ ಹಾಕುವುದಿಲ್ಲ. ತುಕ್ಕು ತಡೆಯುವ ರಾಸಾಯನಿಕ ಬೆರೆಸಿ, ಪ್ರತಿ ವರ್ಷ ನೀರಿನ ಮಾದರಿ ಪರೀಕ್ಷೆ ಮಾಡಬೇಕು. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8ಕ್ಕಿಂತ ಕೆಳಗೆ ಇಳಿಯಬಾರದು. ಒಲೆಗೆ ವಾಪಸ್ ಬರುವ ನೀರು 60 ಸೆಲ್ಸಿಯಸ್‌ಗಿಂತ ತಣ್ಣಗೂ ಇರಬಾರದು. ಇದ್ದರೆ ಬೆಂಕಿಗೂಡಿನ ಗೋಡೆ ಬೆವರುತ್ತದೆ, ಆ ಬೆವರು ಮಸಿಯ ಜೊತೆ ಸೇರಿ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ. ಇದನ್ನು ತಡೆಯುವ ಒಂದು ವಾಲ್ವ್ ಸಿಗುತ್ತದೆ, ಇಲ್ಲದಿದ್ದರೆ ಹಾಕಿಸಿ.

ಬೂದಿಯನ್ನು ವಾರಕ್ಕೊಮ್ಮೆ ತೆಗೆಯುತ್ತೇವೆ. ಒಂದಿಷ್ಟು ಕೆಂಡ ಉಳಿಸಿಯೇ ತೆಗೆಯಬೇಕು. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ, ಮನೆಯಿಂದ ದೂರ ಇಡಬೇಕು. ಬೂದಿಯೊಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಆರಿದ ಮೇಲೆ ತೋಟಕ್ಕೆ ತೆಳುವಾಗಿ ಎರಚುತ್ತೇನೆ, ಪೊಟ್ಯಾಶ್ ಮತ್ತು ಸುಣ್ಣದ ಅಂಶ ಚೆನ್ನಾಗಿದೆ. ಆಲೂಗಡ್ಡೆ ಮತ್ತು ಬ್ಲೂಬೆರಿ ಗಿಡದ ಬುಡಕ್ಕೆ ಮಾತ್ರ ಹಾಕುವುದಿಲ್ಲ, ಅವಕ್ಕೆ ಹುಳಿ ಮಣ್ಣೇ ಬೇಕು.

ಏಪ್ರಿಲಿನಲ್ಲಿ ಒಲೆ ಆರಿಸಿದ ಮರುದಿನವೇ ತೊಳೆತ. ಬೂದಿಯನ್ನು ಪೂರ್ತಿ ತೆಗೆದು, ಗೋಡೆಯ ಮಸಿ ಕೆರೆದು, ಬಿಸಿ ಹೊಗೆ ಹಾದು ನೀರಿಗೆ ಶಾಖ ಕೊಡುವ ಕೊಳವೆಗಳಿಗೆ ಬ್ರಷ್ ಹಾಕಿ, ಹೊಗೆಗೊಳವೆಯ ಬಾಯಿ ಮುಚ್ಚುತ್ತೇವೆ. ಬೂದಿಯನ್ನು ಬೇಸಿಗೆಯಿಡೀ ಒಳಗೇ ಬಿಟ್ಟರೆ ಗಾಳಿಯ ತೇವ ಹೀರಿ ಗೂಡನ್ನು ಕೊರೆಯುತ್ತದೆ. ನೀರನ್ನು ಮಾತ್ರ ಖಾಲಿ ಮಾಡುವುದಿಲ್ಲ. ಖಾಲಿ ತೊಟ್ಟಿ ಬೇಗ ತುಕ್ಕು ಹಿಡಿಯುತ್ತದೆ. ಬಾಗಿಲಿನ ಸುತ್ತಲಿನ ಹಗ್ಗದಂಥ ಗ್ಯಾಸ್ಕೆಟ್ ಚಪ್ಪಟೆಯಾಗಿದ್ದರೆ ಆಗಲೇ ಬದಲಾಯಿಸುತ್ತೇವೆ.

ಹಣದ ವಿಷಯಕ್ಕೆ ಬಂದರೆ, ಒಂದು ಕಾರ್ಡ್ ಒಣ ಓಕಿನಲ್ಲಿ ಸುಮಾರು 2.4 ಕೋಟಿ ಬಿಟಿಯು ಶಾಖವಿದೆ. ಒಂದು ಗ್ಯಾಲನ್ ಪ್ರೋಪೇನಿನಲ್ಲಿ 91,500. ಎರಡರಲ್ಲೂ ಆಗುವ ನಷ್ಟ ಕಳೆದರೆ, ಒಳ್ಳೆಯ ಒಲೆಯಲ್ಲಿ ಒಂದು ಕಾರ್ಡ್ ಹೆಚ್ಚುಕಡಿಮೆ 200 ಗ್ಯಾಲನ್ ಪ್ರೋಪೇನಿಗೆ ಸಮ. ನಿಮ್ಮ ಊರಿನ ಎರಡು ಬೆಲೆ ಹಾಕಿ ನೋಡಿ. ಸೌದೆ ನಿಮ್ಮದೇ ಜಾಗದಲ್ಲಿದ್ದು, ಮೈಮುರಿದು ಕೆಲಸ ಮಾಡುವ ಮನಸ್ಸಿದ್ದರೆ ಲಾಭ. ಸೀಳಿದ ಸೌದೆ ಕೊಂಡು ತರುವುದಾದರೆ ಉಳಿತಾಯ ಅಷ್ಟಕ್ಕಷ್ಟೆ.

ಒಲೆಯಿರುವ ಮನೆ ಕೊಳ್ಳಲು ಹೊರಟವರು ಚಳಿಗಾಲದಲ್ಲೇ ಹೋಗಿ ನೋಡಿ, ಹಿಮದ ಮೇಲೆ ಗೆರೆ ಇದೆಯಾ ಗೊತ್ತಾಗುತ್ತದೆ. ಒಲೆಯ ಮೇಲಿನ ಇಪಿಎ ಚೀಟಿ ಓದಿ. ನೀರಿನ ಪರೀಕ್ಷೆಯ ಹಳೆಯ ವರದಿ ಕೇಳಿ. ವರದಿಯೇ ಇಲ್ಲ ಅಂದರೆ ಒಲೆಗೆ ಬೆಲೆ ಕಟ್ಟಬೇಡಿ. ಗೂಡಿನೊಳಗೆ ಟಾರ್ಚ್ ಬಿಟ್ಟು ಮೂಲೆಗಳ ವೆಲ್ಡಿಂಗ್ ನೋಡಿ, ತೇವ ಅಥವಾ ತುಕ್ಕಿನ ಕಲೆ ಇದೆಯಾ ಅಂತ. ಆಮೇಲೆ ಸೌದೆ ರಾಶಿಯ ಹತ್ತಿರ ಹೋಗಿ ಒಂದು ತುಂಡು ಸೀಳಿಸಿ. ಮನೆಯ ಜೊತೆ ಒಣಗಿದ ಸೌದೆಯನ್ನೂ ಕೊಡುತ್ತಾರಾ ಅಂತ ಮಾತಾಡಿ, ಕೊಟ್ಟರೆ ಮೊದಲ ಚಳಿಗಾಲ ದಾಟುತ್ತದೆ. ಕೊಡದಿದ್ದರೆ ಆ ವರ್ಷ ಪ್ರೋಪೇನ್ ಉರಿಸಿ, ಸೌದೆ ಸೀಳಿ ಒಟ್ಟಿಡಿ.